ನೀರಿಲ್ಲದೆ ಕೆಟ್ಟ ಉಗಿ ದೋಣಿ

ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಹೋದಾಗ ನನ್ನ ತಂಗಿ ತಗಡಿನ ದೋಣಿ ಕೊಂಡಳು. ಒಳಗೆ ದೀಪ ಹಚ್ಚಿಟ್ಟರೆ ಅದು ಪುಟ್ ಪುಟ್ ಅಂತ ಸಪ್ಪಳ ಮಾಡುತ್ತಾ ನೀರಿನ ಮೇಲೆ ಓಡುತ್ತದೆ. ಅದನ್ನು ಕೆಡಿಸಿದವನು ನಾನೇ. ತಂಗಿ ಮೂರು ದಿನ ನನ್ನ ಸಂಗಡ ಮಾತು ಬಿಟ್ಟಿದ್ದಳು. ರಿಪೇರಿ ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅದು ಓಡುವ ಬಗೆ. ದೋಣಿಯೊಳಗೆ ಒಂದು ಚಪ್ಪಟೆ ತಗಡಿನ ಡಬ್ಬಿ ಇದೆ. ಅದೇ ಬಾಯ್ಲರ್. ಅದರಿಂದ ಎರಡು ಸಣ್ಣ ಕೊಳವೆ ಹಿಂದಕ್ಕೆ ಹೋಗಿವೆ, ಅವುಗಳ ಬಾಯಿ ನೀರಿನಲ್ಲಿ ಮುಳುಗಿರುತ್ತದೆ. ಡಬ್ಬಿಗೆ ನೀರು ತುಂಬಿ ಕೆಳಗೆ ದೀಪ ಹಚ್ಚಬೇಕು. ಒಂದು ಲೋಟ ನೀರು ಪೂರ್ತಿ ಉಗಿಯಾದರೆ ಅದಕ್ಕೆ 1,600 ಲೋಟಕ್ಕೂ ಹೆಚ್ಚು ಜಾಗ ಬೇಕು! ಆ ಉಗಿ ಕೊಳವೆಯ ನೀರನ್ನು ಹಿಂದಕ್ಕೆ ದಬ್ಬುತ್ತದೆ, ದೋಣಿ ಮುಂದೆ ಹೋಗುತ್ತದೆ. ಉಗಿ ತಣ್ಣಗಾಗಿ ಮತ್ತೆ ನೀರಾದಾಗ ಹೊರಗಿನ ನೀರು ಒಳಗೆ ಬರುತ್ತದೆ. 'ಹಂಗಾದ್ರ ದೋಣಿ ಹಿಂದಕ್ಕ ಬರಬೇಕಲ್ರಿ ಸರ್?' ಅಂತ ಕೇಳಿದೆ. ಹೊರಗೆ ಹೋಗುವ ನೀರು ನೆಟ್ಟಗೆ ಒಂದೇ ಕಡೆ ಚಿಮ್ಮುತ್ತದೆ, ಒಳಗೆ ಬರುವ ನೀರು ಸುತ್ತಲಿಂದ ಬರುತ್ತದೆ, ಅದಕ್ಕೇ ಹಿಂದಕ್ಕೆ ಎಳೆತ ಕಡಿಮೆ ಎಂದು ಗುರುಗಳು ಹೇಳಿದರು. ಡಬ್ಬಿಯ ತೆಳು ತಗಡು ಉಬ್ಬಿ ತಗ್ಗುವುದೇ ಆ ಸಪ್ಪಳ.

ಆ ದಿನ ಗಡಿಬಿಡಿಯಲ್ಲಿ ನಾನು ನೀರು ತುಂಬದೆ ದೀಪ ಹಚ್ಚಿದೆ. ಸಪ್ಪಳ ಬರಲಿಲ್ಲ. ಉರಿ ಸಾಲದು ಅಂತ ಬತ್ತಿ ಇನ್ನಷ್ಟು ದೊಡ್ಡದು ಮಾಡಿದೆ! ಸುಟ್ಟ ವಾಸನೆ ಬಂತು. ಆಮೇಲೆ ನೀರು ತುಂಬಿದರೆ ಎಲ್ಲಾ ಸೋರಿಹೋಯಿತು.

ನಮ್ಮ ಕಾಕಾ ಮನೆಯಲ್ಲೇ ರೇಡಿಯೋ, ಮಿಕ್ಸರ್ ರಿಪೇರಿ ಮಾಡುತ್ತಾರೆ. 'ನೀರು ಹಾಕಿದ್ದೆ ಏನಲೇ?' ಅಂದರು. ನಾನು ಸುಮ್ಮನೆ ನಿಂತೆ. ಡಬ್ಬಿ ಬಿಚ್ಚಿ ಬಕೆಟ್ಟಿನಲ್ಲಿ ಮುಳುಗಿಸಿ, ಒಂದು ಕೊಳವೆಗೆ ಬೆರಳು ಒತ್ತಿ ಇನ್ನೊಂದರಲ್ಲಿ ಊದಿದೆವು. ಕೊಳವೆ ಕೂಡಿದ ಜಾಗದಲ್ಲಿ ಗುಳ್ಳೆ ಬಂದವು. ಒರೆಸಿ ಒಣಗಿಸಿ ಬೆಸುಗೆ ಹಾಕಿದರೆ ಅದು ಕಮಲದ ಎಲೆಯ ಮೇಲಿನ ಹನಿಯಂತೆ ಉರುಳಿ ಬಿತ್ತು. ಮಸಿ ಇದ್ದರೆ ಬೆಸುಗೆ ಹಿಡಿಯುವುದಿಲ್ಲವಂತೆ. ತಗಡು ಮಿಂಚುವ ತನಕ ಉಸುಕಿನ ಕಾಗದದಿಂದ ತಿಕ್ಕಿದೆ. ಕಾಕಾ ರಾಳ ಹಚ್ಚಿ ಮತ್ತೆ ಬೆಸೆದರು, ನಾನು ಇಕ್ಕಳದಿಂದ ಹಿಡಿದಿದ್ದೆ. ಬೆಸುಗೆಯಲ್ಲಿ ಸೀಸ ಇರುತ್ತದೆ, ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಮತ್ತೆ ಊದಿದಾಗ ಗುಳ್ಳೆ ಬರಲಿಲ್ಲ.

ನನಗೊಂದು ಸಂಶಯ ಬಂತು. ಈ ಬೆಸುಗೆ ಸುಮಾರು 183 ಡಿಗ್ರಿಗೆ ಕರಗುತ್ತದೆ. ದೀಪದ ಉರಿ ಅದಕ್ಕಿಂತ ಎಷ್ಟೋ ಬಿಸಿ. ಮತ್ತೆ ದಿನಾ ಯಾಕೆ ಕರಗಲಿಲ್ಲ? ಒಳಗೆ ನೀರು ಇತ್ತು. ಕುದಿಯುವ ನೀರು 100 ಡಿಗ್ರಿ ದಾಟದೆ ತಗಡಿನ ಬಿಸಿಯನ್ನು ತಾನೇ ಹೀರಿಕೊಳ್ಳುತ್ತಿತ್ತು.

ಉಗಿ ರೈಲಿಗೂ ಇದೇ ಭಯ ಇತ್ತು. ಅದರ ಬೆಂಕಿಗೂಡಿನ ಮೇಲ್ಭಾಗದಲ್ಲಿ ಸೀಸ ತುಂಬಿದ ಬಿರಡೆ ಇಡುತ್ತಿದ್ದರು. ನೀರು ತೀರಾ ಕೆಳಗಿಳಿದರೆ ಸೀಸ 327 ಡಿಗ್ರಿಗೆ ಕರಗಿ, ಉಗಿ ಬೆಂಕಿಯ ಮೇಲೆ ಚಿಮ್ಮಿ ಚಾಲಕನಿಗೆ ಎಚ್ಚರಿಕೆ ಕೊಡುತ್ತಿತ್ತು. ಸಿಂಧನೂರಿಗೆ 2024ರಲ್ಲಿ ಬಂದ ರೈಲಿನಲ್ಲಿ ಉಗಿ ಬಾಯ್ಲರ್ ಇಲ್ಲ. ಉಗಿ ಎಂಜಿನ್ ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಬಹುದು. ಅದು 1979ರಲ್ಲಿ ಶುರುವಾಯಿತು.

ನೆನಪಿಡಿ, ದೋಣಿಯ ಕೊಳವೆಗಳ ಬಾಯಿ ಯಾವಾಗಲೂ ತೆರೆದಿರುತ್ತದೆ. ಬಾಯಿ ಮುಚ್ಚಿದ ಡಬ್ಬಿಯನ್ನು ಯಾರೂ ಕಾಯಿಸಬಾರದು, ಸಿಡಿಯುತ್ತದೆ.

ದೋಣಿ ಈಗ ಬುಟ್ಟಿಯ ನೀರಿನಲ್ಲಿ ಸುತ್ತುತ್ತದೆ. ನೀರು ತುಂಬುವುದು ಮಾತ್ರ ತಂಗಿಯೇ. ನನ್ನ ಕೈಗೆ ಕೊಡುವುದಿಲ್ಲ.