ಅರವತ್ತು ಸಾವಿರದ ಕಾರಿಗೆ ಅರವತ್ತೆರಡು ಸಾವಿರದ ರಿಪೇರಿ

2011ರ ಆಲ್ಟೊ, ಕೆಎ–11 ನೋಂದಣಿ. ನನ್ನ ಕೈಗೆ ಬರುವ ಹೊತ್ತಿಗೇ ಇನ್ನೊಬ್ಬರು ಐದು ವರ್ಷ ಓಡಿಸಿದ್ದ ಗಾಡಿ. ಈ ವರ್ಷ ಅದಕ್ಕೆ 62,000 ರೂಪಾಯಿ ಹಾಕಿದ್ದೇನೆ. ಶೋರೂಮೊಂದು ಎಕ್ಸ್‌ಚೇಂಜ್‌ನಲ್ಲಿ ಅದಕ್ಕೆ ಕಟ್ಟಿದ ಬೆಲೆ 60,000. ಮಳವಳ್ಳಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಸುದ್ದಿ ಕೇಳಿದವನೇ ಫೋನ್ ಮಾಡಿದ: ‘ಬಾವ, ಗಾಡಿಗಿಂತ ರಿಪೇರಿನೇ ಜಾಸ್ತಿ ಆಯ್ತಲ್ಲ. ಯಾರಾದ್ರೂ ಹಿಂಗ್ ಮಾಡ್ತಾರಾ?’

ಮಾಡುತ್ತಾರೆ, ಮಾಡಬೇಕು. ರಿಪೇರಿ ಖರ್ಚು ಗಾಡಿಯ ಬೆಲೆ ದಾಟಿದರೆ ಮಾರಿಬಿಡಿ ಎಂಬ ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಗಾಡಿಯ ಬೆಲೆ ಎಂದರೆ ಅದನ್ನು ಕೊಳ್ಳುವವನು ಕೊಡುವ ದುಡ್ಡು. ಆ ಗಾಡಿ ನನಗೆ ಇನ್ನೆಷ್ಟು ತಿಂಗಳು ಓಡುತ್ತದೆ ಎಂಬುದಕ್ಕೂ ಆ ದುಡ್ಡಿಗೂ ಸಂಬಂಧವಿಲ್ಲ.

ಮಂಡ್ಯದ ನಮ್ಮ ವಿ.ಸಿ. ಫಾರಂ ಸುತ್ತಮುತ್ತ ಇದನ್ನು ಹೇಳಿಕೊಡಬೇಕಾದ ಅಗತ್ಯವೇ ಇರಬಾರದು. ಇದು ಕಬ್ಬಿನ ತಳಿ ತೆಗೆಯುವ ಊರು. ವಿ.ಸಿ.ಎಫ್. 0517 ಎಂಬ ತಳಿಯ ಹೆಸರಿನಲ್ಲೇ ನಮ್ಮ ಫಾರಂ ಇದೆ. ಇಲ್ಲಿನ ರೈತ ಕಡಿದ ಬುಡದಲ್ಲೇ ಚಿಗುರುವ ಕೂಳೆ ಬಿಡಬೇಕೋ, ಕಿತ್ತು ಹೊಸದಾಗಿ ನಾಟಿ ಮಾಡಬೇಕೋ ಎಂದು ಪ್ರತಿ ಕಟಾವಿಗೂ ಲೆಕ್ಕ ಹಾಕುತ್ತಾನೆ. ಕೂಳೆಯಲ್ಲಿ ಇಳುವರಿ ಸ್ವಲ್ಪ ಇಳಿಯುತ್ತದೆ, ಖಾಲಿ ಬಿದ್ದಲ್ಲಿ ಸಸಿ ನೆಡಬೇಕು, ಗೊಬ್ಬರ ಹೆಚ್ಚು ಹಾಕಬೇಕು. ಆದರೆ ಉಳುಮೆ, ಬಿತ್ತನೆ, ನಾಟಿ ಕೂಲಿ ಉಳಿಯುತ್ತದೆ. ಉಳಿದದ್ದು ಇಳಿದದ್ದಕ್ಕಿಂತ ಹೆಚ್ಚಾಗಿರುವವರೆಗೆ ಕೂಳೆ ನಿಲ್ಲುತ್ತದೆ. ಅದೇ ರೈತ ಕಾರಿನ ವಿಚಾರಕ್ಕೆ ಬಂದರೆ ಮಾತ್ರ ‘ಹಳೇದಾಯ್ತು, ತೆಗೆದಾಕಿ’ ಅನ್ನುತ್ತಾನೆ!

ಬಿಲ್ ಹೀಗಿತ್ತು. ಹೆಡ್ ಕೆಲಸ ಗ್ಯಾಸ್ಕೆಟ್ ಸಮೇತ 11,500. ರೇಡಿಯೇಟರ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್ 7,800. ಕ್ಲಚ್ 6,500. ಸಸ್ಪೆನ್ಷನ್, ಬ್ರೇಕು 9,200. ನಾಲ್ಕು ಟೈರಿಗೆ 12,000. ಟಿಂಕರಿಂಗ್, ಪೇಂಟು 8,000. ಆರ್‌ಸಿ ನವೀಕರಣ, ಹಸಿರು ತೆರಿಗೆ, ಓಡಾಟ ಸೇರಿ 7,000. ಇದರಲ್ಲಿ ಟೈರು, ಕ್ಲಚ್ಚು ಹೇಗಿದ್ದರೂ ಸವೆಯುವ ವಸ್ತುಗಳು, ಅವನ್ನು ರಿಪೇರಿ ಅನ್ನುವುದೇ ತಪ್ಪು. ಆದರೂ ನನ್ನ ಬಾವಮೈದುನನ ಸಮಾಧಾನಕ್ಕೆ ಎಲ್ಲವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತೇನೆ.

ಹಳೆಯದನ್ನು ಇಟ್ಟುಕೊಂಡರೆ ನನ್ನ ಖರ್ಚು ಬರೀ 62,000 ಅಲ್ಲ. ಎಕ್ಸ್‌ಚೇಂಜ್‌ನಲ್ಲಿ ಸಿಗುತ್ತಿದ್ದ 60,000 ಬಿಟ್ಟುಕೊಟ್ಟಿದ್ದೇನೆ, ಅದೂ ಖರ್ಚೇ. ಒಟ್ಟು 1,22,000. ಮೂರು ವರ್ಷ ಓಡಿಸಿ 30,000ಕ್ಕೆ ಕೊಟ್ಟರೆ ನಿವ್ವಳ 92,000. ಅದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 2,556. ಸಣ್ಣಪುಟ್ಟ ರಿಪೇರಿ, ಸರ್ವಿಸ್‌ಗೆ ತಿಂಗಳಿಗೆ 1,500 ಧಾರಾಳವಾಗಿಯೇ ಇಟ್ಟಿದ್ದೇನೆ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ: 1,000 ಸಿಸಿ ಒಳಗಿನ ಕಾರಿಗೆ 2,094, ಶೇ 18 ಜಿಎಸ್‌ಟಿ ಸೇರಿ 2,471. ತಿಂಗಳಿಗೆ 206. ಒಟ್ಟು 4,262.

ಈಗ ಹೊಸದು. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದ ಮೇಲೂ ನಾನು ನೋಡಿದ ಸಣ್ಣ ಕಾರು ಆನ್‌ರೋಡ್ 5,40,000. ಎಕ್ಸ್‌ಚೇಂಜಿನ 60,000, ಕೈಯಿಂದ 80,000, ಉಳಿದ 4,00,000 ಸಾಲ. ಮೂರು ವರ್ಷದ ನಂತರ 3,20,000ಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಬೆಲೆ ಇಳಿತ 2,20,000, ತಿಂಗಳಿಗೆ 6,111. ಶೇ 9.5ರ ಬಡ್ಡಿಯಲ್ಲಿ ಏಳು ವರ್ಷದ ಸಾಲಕ್ಕೆ ಮೊದಲ ಮೂರು ವರ್ಷದಲ್ಲಿ ಕಟ್ಟುವ ಬಡ್ಡಿಯೇ ಸುಮಾರು 95,600, ಅಂದರೆ ತಿಂಗಳಿಗೆ 2,656. ಇನ್ಶೂರೆನ್ಸ್, ಸರ್ವಿಸ್ ಸೇರಿ 900. ಒಟ್ಟು 9,667. ಹೊಸದು ಲೀಟರಿಗೆ 21 ಕಿ.ಮೀ. ಕೊಟ್ಟು ಹಳೆಯದು 16 ಕೊಟ್ಟರೆ, ವರ್ಷಕ್ಕೆ 7,000 ಕಿ.ಮೀ. ಓಡಾಟದಲ್ಲಿ ಉಳಿಯುವ ಪೆಟ್ರೋಲ್ ನೂರು ಲೀಟರಿನ ಆಸುಪಾಸು. ಅದಕ್ಕೆ ತಿಂಗಳಿಗೆ 850 ಕಳೆದೆ. ಕೊನೆಗೆ ಉಳಿದದ್ದು 8,817.

ತಿಂಗಳಿಗೆ ಸುಮಾರು 4,550 ವ್ಯತ್ಯಾಸ. ಮೂರು ವರ್ಷಕ್ಕೆ 1,63,800. ಇಷ್ಟೇ ದೊಡ್ಡ ರಿಪೇರಿ ನಡುವೆ ಇನ್ನೊಂದು ಸಲ ಬಂದರೂ ನಾನು ಒಂದು ಲಕ್ಷ ಮುಂದಿರುತ್ತೇನೆ.

ಮೂರು ವರ್ಷ ಓಡದಿದ್ದರೆ? ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಆ 92,000ವನ್ನು ಎಷ್ಟು ತಿಂಗಳಿಗೆ ಹಂಚಿದರೆ ಹಳೆಯ ಕಾರಿನ ಮಾಸಿಕ ಖರ್ಚು ಹೊಸದಕ್ಕೆ ಸಮ ಆಗುತ್ತದೆ? ಹದಿಮೂರು. ಹೊಸ ಕಾರಿನ ಬೆಲೆ ಮೊದಲ ವರ್ಷ ಇನ್ನೂ ಜೋರಾಗಿ ಬೀಳುತ್ತದೆ ಎಂಬುದನ್ನು ಬಿಟ್ಟು ಹೇಳುತ್ತಿದ್ದೇನೆ. ಹಾಗಾಗಿ ಗ್ಯಾರೇಜಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಹದಿಮೂರು ತಿಂಗಳು ಓಡುತ್ತದಾ? ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ನಕ್ಕರು. ‘ಏನ್ ಸಾ, ತಗಡು ಗಟ್ಟಿಯಾಗೈತೆ, ಬ್ಲಾಕ್‌ಗೆ ಏನೂ ಆಗಿಲ್ಲ. ನಾಕು ವರ್ಸ ಓಡಿಸ್ಕಳಿ.’ ಅವರ ನಾಲ್ಕನ್ನು ನಾನು ಮೂರು ಮಾಡಿಕೊಂಡೆ.

ಏಳು ವರ್ಷದ ಸಾಲದ ಮಾತು ಬಂತಲ್ಲ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಶೋರೂಮಿನ ಹುಡುಗ ಕಾರಿನ ಬೆಲೆ ಹೇಳಲೇ ಇಲ್ಲ. ‘ಸರ್, ತಿಂಗಳಿಗೆ ಬರೀ ಆರೂವರೆ ಸಾವಿರ’ ಅಂದ. ನಾಲ್ಕು ಲಕ್ಷಕ್ಕೆ ಐದು ವರ್ಷವಾದರೆ ಕಂತು 8,401, ಒಟ್ಟು ಬಡ್ಡಿ 1,04,000. ಏಳು ವರ್ಷವಾದರೆ ಕಂತು 6,538, ಬಡ್ಡಿ 1,49,000. ಕಂತು ಹಗುರ ಮಾಡಿದ್ದಕ್ಕೆ 45,000 ದಂಡ. ಅದೂ ಸಾಲದ ಕೊನೆಯ ಕಂತುಗಳನ್ನು ಕಟ್ಟುವಾಗ ಆ ಕಾರಿಗೇ ಟೈರು, ಕ್ಲಚ್ಚು ಕೇಳುವ ವಯಸ್ಸಾಗಿರುತ್ತದೆ. ಕಂತೂ ರಿಪೇರಿಯೂ ಒಟ್ಟಿಗೇ. ಏಳು ವರ್ಷದ ಕಂತಿಲ್ಲದೆ ಕೊಳ್ಳಲಾಗದ ಕಾರನ್ನು ಕೊಳ್ಳಲೇಬಾರದು. ಅದರ ಜೊತೆಗೆ ತಳ್ಳುವ ಎಕ್ಸ್‌ಚೇಂಜ್ ಬೋನಸ್ಸು ಇನ್ನೊಂದು ನಾಟಕ. ಹಳೆಯ ಗಾಡಿ ಕೊಡುವುದಿಲ್ಲ ಎಂದ ಕೂಡಲೇ ಬೇರೆ ಹೆಸರಿನಲ್ಲಿ ಅದೇ ರಿಯಾಯಿತಿ ಹೊರಗೆ ಬಂತು.

ಇನ್ನೊಂದು ಹೆದರಿಕೆ ಊರೆಲ್ಲ ಹಬ್ಬಿದೆ: ಹದಿನೈದು ವರ್ಷ ಆದ ಗಾಡಿ ಗುಜರಿಗೇ ಅಂತೆ. ಅದು ದೆಹಲಿಯ ಸುದ್ದಿ. ನಮ್ಮಲ್ಲಿ ಗಾಡಿ ಫಿಟ್ ಇದ್ದರೆ ಆರ್‌ಸಿ ಐದು ವರ್ಷಕ್ಕೆ ನವೀಕರಣ ಆಗುತ್ತದೆ. ಶುಲ್ಕ ಮಾತ್ರ 2022ರ ಏಪ್ರಿಲ್‌ನಿಂದ 600ರಿಂದ 5,000ಕ್ಕೆ ಏರಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ಅಷ್ಟು ವರ್ಷ ಇಟ್ಟುಕೊಳ್ಳುವ ಉದ್ದೇಶ ನನಗಿಲ್ಲ. ಇ20 ಪೆಟ್ರೋಲಿನ ವಿಷಯ ನಿಜ. ಹಳೆಯ ಕಾರುಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಕೇಂದ್ರ ಸರ್ಕಾರವೇ ಒಪ್ಪಿಕೊಂಡಿದೆ. ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಎಥನಾಲನ್ನು ಬೈಯುವ ಧೈರ್ಯ ನನಗಿಲ್ಲ. ಪೆಟ್ರೋಲ್ ಪೈಪು ಬದಲಿಸಿಕೊಂಡೆ, ಅಷ್ಟೆ.

ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇದೆ, ಸುರಕ್ಷತೆ. ನನ್ನ ಗಾಡಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇದರಲ್ಲಿ ನಾನು ಬೆಂಗಳೂರು–ಮೈಸೂರು ಹೆದ್ದಾರಿ ಹತ್ತುವುದಿಲ್ಲ. ಮಂಡ್ಯ ಪೇಟೆ, ಮದ್ದೂರು, ಮಳವಳ್ಳಿಯ ಬಾವಮೈದುನನ ಮನೆ, ಅಷ್ಟೇ. ಬೆಂಗಳೂರಿಗೆ ಹೋಗಬೇಕಾದರೆ ಮಂಡ್ಯ ಸ್ಟೇಷನ್‌ನಲ್ಲಿ ರೈಲು ಹತ್ತುತ್ತೇನೆ. ದಿನಾ ಹೆದ್ದಾರಿಯಲ್ಲಿ ಓಡಾಡುವವರು, ಮನೆಯಲ್ಲಿ ಸಣ್ಣ ಮಕ್ಕಳಿರುವವರು ನನ್ನ ಲೆಕ್ಕ ಹರಿದು ಹಾಕಿ ಹೊಸದನ್ನೇ ಕೊಳ್ಳಲಿ.

ಉಳಿದವರಿಗೆ ಎರಡು ಮಾತು. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆಯ ಗಡಸು ನೀರು ಒಳಗೆ ಸುಣ್ಣಗಟ್ಟುತ್ತದೆ, ನನ್ನ ಕಾರಿನ ರೇಡಿಯೇಟರ್ ಬಿಚ್ಚಿದಾಗ ಬಂದದ್ದು ಅದೇ. ಹಿಂದಿನ ಮಾಲೀಕರು ಕೂಲಂಟಿನಲ್ಲಿ ಉಳಿಸಿದ ಕಾಸನ್ನು ನಾನು ಹೆಡ್ ಗ್ಯಾಸ್ಕೆಟ್‌ನಲ್ಲಿ ಕಟ್ಟಿದೆ. ಗದ್ದೆ ಬದಿಯ ಮನೆಯಾದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಕೊಯ್ಲು ಮುಗಿದ ಮೇಲೆ ಇಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದು ವೈರಿಂಗ್ ಕಡಿಯುತ್ತವೆ. ಕಾರಿಗೆ ಪೂಜೆ ಮಾಡಲು ಆಯುಧಪೂಜೆ ತನಕ ಕಾಯುವ ಜನ ಡಿಪ್‌ಸ್ಟಿಕ್ ನೋಡಲು ಗಾಡಿ ನಿಂತುಹೋಗುವ ತನಕ ಕಾಯುತ್ತಾರೆ.

ಇನ್ನು ಆ 4,550. ಅದನ್ನು ನಿಜವಾಗಿ ಎತ್ತಿಡದಿದ್ದರೆ ಮೇಲಿನ ಲೆಕ್ಕವೆಲ್ಲ ಕಾಗದದ್ದು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಮೂರಕ್ಕೆ ಮುರಿದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ ಸಿಗುತ್ತದೆ. ಹಾಗಾಗಿ ಬ್ಯಾಂಕಿನಲ್ಲಿ ಮೂರು ವರ್ಷದ್ದು ಮಾಡಿಸಿದೆ, ಸಂಬಳ ಬಿದ್ದ ಮರುದಿನವೇ ಕಡಿತ. ಎರಡನೇ ಗೇರಿನಲ್ಲಿ ಸಣ್ಣ ಸದ್ದು ಶುರುವಾಗಿದೆ. ‘ಒಂದ್ ವರ್ಸ ಏನೂ ಆಗಕಿಲ್ಲ ಸಾ’ ಎಂದಿದ್ದಾರೆ ಮೆಕ್ಯಾನಿಕ್. ಗೇರ್‌ಬಾಕ್ಸ್ ಹೋದರೆ ಹಾಕಿಸುತ್ತೇನೆ. ನೆಲದ ತಗಡಿಗೆ ತುಕ್ಕು ಹಿಡಿದರೆ ಮಾತ್ರ ಗ್ಯಾರೇಜಿಗೆ ಹೋಗುವುದಿಲ್ಲ, ನೇರ ಗುಜರಿಗೆ.