ಜಾಲತಾಣದ ಹೆಸರು ಮತ್ತು ಅದರ ರಕ್ಷಣೆ



ನಮ್ಮ ಕಾಸರಗೋಡು ಸೀಮೆಯ ಹಿರಿಯರು ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಗೇಣಿಗಳನ್ನು ಬಲ್ಲರು. ಮೂಲಗೇಣಿಯ ಭೂಮಿ ವಂಶಪಾರಂಪರ್ಯವಾಗಿ ಒಕ್ಕಲಿನ ಕೈಯಲ್ಲಿ ಉಳಿಯುತ್ತಿತ್ತು. ಚಾಲಗೇಣಿಯದು ವಾಯಿದೆ ತೀರಿದೊಡನೆ ಕೈಬಿಟ್ಟುಹೋಗಬಹುದಾಗಿತ್ತು. ಜಾಲತಾಣದ ವಿಳಾಸವಾದ ಡೊಮೇನ್ ಹೆಸರು ಚಾಲಗೇಣಿಯಂತಹುದು. ಅದನ್ನು ಕೊಂಡೆವೆಂದು ನಾವು ಹೇಳುವುದುಂಟು. ವಾಸ್ತವದಲ್ಲಿ ಪಡೆದಿರುವುದು ನಿಯತಕಾಲದ ಹಕ್ಕು ಮಾತ್ರ. ಡಾಟ್ ಕಾಮ್ ಹೆಸರನ್ನು ಹೆಚ್ಚೆಂದರೆ 10 ವರ್ಷಗಳ ಅವಧಿಗೆ ನೋಂದಾಯಿಸಬಹುದು.

ಗಣಕಯಂತ್ರಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ಹೆಸರೇ ಸುಲಭ. ಹೆಸರನ್ನು ಅಂಕಿಗೆ ಪರಿವರ್ತಿಸುವ ವ್ಯವಸ್ಥೆಯು 1983ರಲ್ಲಿ ರೂಪುಗೊಂಡಿತು. ಹೆಸರು ಯಾರ ವಶದಲ್ಲಿದೆಯೋ ಅವರು ತೋರಿಸಿದ ಕಡೆಗೆ ಓದುಗನು ಹೋಗುತ್ತಾನೆ. ಆದುದರಿಂದಲೇ ಹೆಸರಿನ ನಷ್ಟವು ದೊಡ್ಡ ನಷ್ಟ.

ಹೆಸರು ಕೈತಪ್ಪಲು ಮುಖ್ಯ ಕಾರಣ ಮರೆವು. 1999ರ ದಶಂಬರದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ 35 ಡಾಲರ್ ಶುಲ್ಕವನ್ನು ಕಟ್ಟಿರಲಿಲ್ಲ. ಫಲವಾಗಿ ಹಾಟ್‌ಮೇಲ್ ಬಳಕೆದಾರರು ಅನೇಕರು ತಮ್ಮ ಪತ್ರಗಳನ್ನು ತೆರೆಯಲಾರದೆ ಹೋದರು. ಕೊನೆಗೆ ಅಮೆರಿಕದ ಒಬ್ಬ ಗಣಕತಜ್ಞನು ಸ್ವಂತ ಹಣದಿಂದ ಆ ಶುಲ್ಕವನ್ನು ತೆತ್ತನು!

ಎರಡನೆಯ ಕಾರಣ ಕಳವು. ಪರ್ಲ್ ಎಂಬ ಗಣಕಭಾಷೆಗೆ ಮೀಸಲಾದ ಪರ್ಲ್ ಡಾಟ್ ಕಾಮ್ ಹೆಸರು ಅನ್ಯರ ವಶವಾದುದು 2021ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಫೆಬ್ರವರಿಯಲ್ಲಿ ಮರಳಿ ದೊರೆಯಿತು.

ನಮ್ಮ ಶಾಲೆಯೂ ಈ ಪಾಠವನ್ನು ನಷ್ಟದಿಂದಲೇ ಕಲಿತಿದೆ. ಹಳೆ ವಿದ್ಯಾರ್ಥಿಯೋರ್ವನು ಪ್ರೀತಿಯಿಂದ ನಮ್ಮ ಮೊದಲ ಜಾಲತಾಣವನ್ನು ರಚಿಸಿಕೊಟ್ಟನು. ನೋಂದಣಿ ಮಾತ್ರ ಆತನ ಸ್ವಂತ ಇ-ಮೇಲಿನಲ್ಲಿತ್ತು. ಉದ್ಯೋಗನಿಮಿತ್ತ ಆತನು ದೂರ ಹೋದನು. ಆ ಇ-ಮೇಲನ್ನು ಯಾರೂ ತೆರೆಯಲಿಲ್ಲ. ಒಂದು ದಿನ ಬಾಲಕಿಯೊಬ್ಬಳು ಶಾಲೆಯ ವಿಳಾಸವನ್ನು ಒತ್ತಿದಾಗ ಕಂಡದ್ದು ಜೂಜಿನ ಜಾಹೀರಾತು. ತಪ್ಪು ಆ ಹುಡುಗನದಲ್ಲ. ವಿಚಾರಿಸದೆ ಕುಳಿತ ನನ್ನದು. ಹೊಸ ಹೆಸರನ್ನು ಪಡೆದೆವು. ಆದರೆ ಹಳೆಯ ಸಂಚಿಕೆಗಳಲ್ಲಿ ಅಚ್ಚಾದ ವಿಳಾಸವು ಓದುಗರನ್ನು ಇಂದಿಗೂ ಆ ಜೂಜುಕಟ್ಟೆಗೇ ಒಯ್ಯುತ್ತದೆ.

ಆದುದರಿಂದ ಈ ನಿಯಮಗಳನ್ನು ನೆನಪಿಡಿರಿ:

1. ಹೆಸರು ಸಂಸ್ಥೆಯದಾದರೆ ನೋಂದಣಿಯೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲಿನಲ್ಲಿ ಇರಲಿ. ಅದನ್ನು ಸೊತ್ತುಗಳ ಪಟ್ಟಿಯಲ್ಲಿ ಬರೆದಿಡಬೇಕು. ಕೀಲಿಕೈ ಇಬ್ಬರು ಹೊಣೆಗಾರರ ಬಳಿ ಇರಲಿ.

2. ಡಾಟ್ ಕಾಮ್ ಮೊದಲಾದ ಹೆಸರುಗಳ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮೊದಲು ನೆನಪಿನೋಲೆ ಬರುತ್ತದೆ. ಓಲೆಯನ್ನೇ ನೆಚ್ಚದೆ ಪಂಚಾಂಗದಲ್ಲಿಯೂ ದಿನಾಂಕವನ್ನು ಗುರುತುಮಾಡಿರಿ. ಹೆಸರು ರದ್ದಾದ ಮೇಲೆ ಬಿಡಿಸಿಕೊಳ್ಳಲು 30 ದಿನಗಳ ಅವಕಾಶವುಂಟು. ಅದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಶುಲ್ಕ ತೆರಬೇಕು. ಅದೂ ಕಳೆದು 5 ದಿನಗಳಾದರೆ ಹೆಸರು ಮೊದಲು ಕೇಳಿದವರ ಪಾಲು.

3. ನೋಂದಣಿ ಖಾತೆಗೂ ಇ-ಮೇಲಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಜೊತೆಗೆ ಎರಡನೆಯ ದೃಢೀಕರಣವೂ ಇರಲಿ. ಇ-ಮೇಲು ಕಳ್ಳನ ಕೈಸೇರಿದರೆ ಹೆಸರೂ ಸೇರಿದಂತೆಯೇ.

4. ಹೆಸರನ್ನು ಬೇರೆ ನೋಂದಣಿ ಸಂಸ್ಥೆಗೆ ಸಾಗಿಸದಂತೆ ತಡೆಯುವ ಬೀಗವೊಂದಿದೆ. ಅದನ್ನು ಹಾಕಿಯೇ ಇಡಿರಿ. ವರ್ಗಾವಣೆಯ ಗುಪ್ತಸಂಕೇತವನ್ನು ಯಾರಿಗೂ ತಿಳಿಸಕೂಡದು.

5. "ಈಗಲೇ ಹಣ ಕಟ್ಟಿರಿ" ಎಂದು ಬೆದರಿಸುವ ಪತ್ರದ ಕೊಂಡಿಯನ್ನು ಒತ್ತದೆ, ನೀವೇ ಖಾತೆಯನ್ನು ತೆರೆದು ಪರಿಶೀಲಿಸಿರಿ.

ವರ್ಷಕ್ಕೊಮ್ಮೆ ಶಾಲೆಯ ಮಾಡಿನ ಹಂಚು ಕೈಯಾಡಿಸುತ್ತೇವಲ್ಲವೇ? ಅಂದೇ ಹೆಸರಿನ ವಾಯಿದೆಯನ್ನೂ ನೋಡಿದರಾಯಿತು. ನಾಳೆ ಈ ಹೊಣೆಯನ್ನು ಹೊರುವವರು ನೀವೇ, ವಿದ್ಯಾರ್ಥಿಗಳೇ.