ಕಲಿಕೆಯ ಕಿರುಮೆಟ್ಟಿಲುಗಳು

ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಹಿಂದೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಆದರೆ ಆ ಊರುಗಳಲ್ಲಿ ಬುದ್ಧಿಬೆಳವಣಿಗೆ ಕುಂಠಿತವಾದ ಮಕ್ಕಳ ಪಾಲನೆಯ ಹೊಣೆ ಉಳಿಯಿತು. ಈಗಿನ ಕಡಬ ತಾಲ್ಲೂಕಿನ ಕೊಯಿಲದಲ್ಲಿ ಅದಕ್ಕಾಗಿಯೇ ಪಾಲನಾ ಕೇಂದ್ರವೊಂದು ತೆರೆಯಿತು.

ಇಂಥ ಮಕ್ಕಳಿಗೆ ಕಲಿಸುವುದು ಹೇಗೆ? ಅಮೆರಿಕದ ಮನೋವಿಜ್ಞಾನಿ ಈವಾರ್ ಲೋವಾಸ್ 1960ರ ದಶಕದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಬಳಸಿದ ಕ್ರಮವು ಬುದ್ಧಿಮಾಂದ್ಯರಿಗೂ ನೆರವಾಗಿದೆ. ಇದರಲ್ಲಿ ಪ್ರತಿಯೊಂದು ಕೆಲಸವನ್ನೂ ಕಿರುಭಾಗಗಳಾಗಿ ಒಡೆಯುತ್ತಾರೆ. ಮೊದಲು “ಲೋಟ ಕೊಡು” ಎಂಬ ಒಂದೇ ಸೂಚನೆ. ಮಗು ತಡವರಿಸಿದರೆ ಕೈಹಿಡಿದು ನೆರವು, ಕೊಟ್ಟೊಡನೆ ಮೆಚ್ಚುಗೆ, ಅನಂತರ ಕ್ಷಣಕಾಲದ ಬಿಡುವು, ಮತ್ತೆ ಅದೇ ಸೂಚನೆ. ಪ್ರತಿ ಯತ್ನದ ಫಲವನ್ನೂ ಬರೆದಿಡುತ್ತಾರೆ.

ನೆರವನ್ನು ಕ್ರಮೇಣ ಕಡಿಮೆಮಾಡಬೇಕು. ಇಲ್ಲವಾದರೆ ಮಗು ಸೂಚನೆಗೆ ಕಿವಿಗೊಡದೆ ಕಲಿಸುವವರ ಕೈಯನ್ನೇ ಕಾಯುತ್ತದೆ. ಸೂಚನೆಯೂ ಮನೆಮಾತಿನಲ್ಲಿರಬೇಕು. ಪುತ್ತೂರಿನ ಮಗುವಿಗೆ ಅದು ತುಳುವಾಗಿರಬಹುದು, ಸುಳ್ಯದ ಮಗುವಿಗೆ ಅರೆಭಾಷೆಯಾಗಿರಬಹುದು. ಕೇಂದ್ರದಲ್ಲಿ ಕಲಿತದ್ದು ಅಡುಗೆಮನೆಯಲ್ಲಿಯೂ ನಡೆಯಬೇಕು. ಬಾಯಾರಿದ ಮಗು ಯಾರ ಸೂಚನೆಯೂ ಇಲ್ಲದೆ ಲೋಟವನ್ನು ತಾಯಿಯ ಮುಂದೆ ಹಿಡಿದ ದಿನವೇ ಆ ಪಾಠ ಪೂರ್ಣವಾಗುತ್ತದೆ.